ಸೋದರಮಾವನ ವಿದೇಶವಾಸ

ನನ್ನ ಸೋದರಮಾವ ವಿದೇಶದಲ್ಲಿ ನೆಲೆಸಿ ಎರಡು ವರ್ಷವಾಗಿತ್ತು. ಅದರಲ್ಲಿ ಇದ್ದ ಕೊರತೆ ಒಂದೇ ಒಂದು: ಅವರಿನ್ನೂ ಮೈಸೂರಿನ ಒಂಟಿಕೊಪ್ಪಲು ಬಿಟ್ಟು ಹೊರಟಿರಲಿಲ್ಲ!

ಹಾಗಂತ ಅವರೆದುರು ಹೇಳುವಂತಿರಲಿಲ್ಲ. ದೇಹವೊಂದು ಒಂಟಿಕೊಪ್ಪಲಿನ ಮನೆಯ ವರಾಂಡದಲ್ಲಿ, ಬೆತ್ತದ ಕುರ್ಚಿಯ ಮೇಲೆ ಕೂತಿರುತ್ತಿತ್ತು, ಅಷ್ಟೆ. ಕರೆಂಟು ಹೋದರೆ "ಅಲ್ಲಿ ಹೀಗೆಲ್ಲ ಆಗಲ್ಲ ಕಣೇ" ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರು ಬಾರದಿದ್ದರೆ "ಅಲ್ಲಿ ಇಪ್ಪತ್ನಾಲ್ಕು ಗಂಟೆ ಬರುತ್ತೆ" ಎನ್ನುತ್ತಿದ್ದರು. ಸೊಳ್ಳೆ ಕಚ್ಚಿದರೂ ಅಷ್ಟೆ, ಅಲ್ಲಿಯ ಸೊಳ್ಳೆಗಳು ಬಹಳ ಸಭ್ಯಸ್ಥ ಸೊಳ್ಳೆಗಳು. ಈ 'ಅಲ್ಲಿ' ಎಂದರೆ ಎಲ್ಲಿ ಎಂಬುದು ಮಾತ್ರ ಆಗಿನ್ನೂ ತೀರ್ಮಾನವಾಗಿರಲಿಲ್ಲ.

ಮಾವ ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಸರ್ವೀಸಿನ ಉದ್ದಕ್ಕೂ ಇಂಡೆಂಟ್ ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ಕಾಯಲು ಮೊಳೆಗಳೇ ಇಲ್ಲದಂತಾಗಿ, ಕೈಗೆ ಮೊಬೈಲು ತೆಗೆದುಕೊಂಡರು. ಅದರೊಳಗೆ ಹೊಟ್ಟೆ ಬಿಟ್ಟ ಬಿಳಿಯ ಮುದುಕನೊಬ್ಬ ಸಮುದ್ರದ ದಂಡೆಯಲ್ಲಿ ಎಳನೀರು ಹೀರುತ್ತಾ, 'ಸಣ್ಣ ಪಿಂಚಣಿಯಲ್ಲಿ ರಾಜನ ಹಾಗೆ ಬದುಕಿ' ಎಂದು ಉಪದೇಶ ಮಾಡುತ್ತಿದ್ದ. ವಿಚಿತ್ರ ನೋಡಿ! ಅರಮನೆಯ ಊರಿನಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ರಾಜನ ಹಾಗೆ ಬದುಕುವುದನ್ನು ಕಲಿಸಲು ಚಡ್ಡಿ ಹಾಕಿಕೊಂಡ ಪರದೇಶಿಯೊಬ್ಬ ಬರಬೇಕಾಯಿತು.

ಅಂದಿನಿಂದ ಮಾವ ದೇಶಗಳನ್ನು ಆರಿಸತೊಡಗಿದರು. ನಾವು ಅವರೆಬೇಳೆ ಆರಿಸುತ್ತೇವಲ್ಲ, ಹಾಗೆ. ಮೊದಲು ಕೈಗೆ ಸಿಕ್ಕಿದ್ದು ಶ್ರೀಲಂಕಾದ ಗುಡ್ಡಗಾಡಿನ ಒಂದು ಊರು.

"ಕೆರೆ ಇದೆ, ಬೆಟ್ಟ ಇದೆ, ಅರಮನೆ ಇದೆ, ಆನೆ ಮೇಲೆ ಮೆರವಣಿಗೆ ಕೂಡ ಮಾಡ್ತಾರೆ ಕಣೇ! ಥೇಟ್ ನಮ್ಮ ಮೈಸೂರೇ!"

"ಹಾಗಾದ್ರೆ ಇಲ್ಲೇ ಇದ್ದುಬಿಡಿ ಮಾವ. ವಿಮಾನದ ಚಾರ್ಜಾದರೂ ಉಳಿಯುತ್ತೆ" ಎಂದೆ.

ಇಂಡೆಂಟ್ ಇಲ್ಲದೆ ಬಂದ ಅಟೆಂಡರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಶ್ರೀಲಂಕಾ ಅಲ್ಲಿಗೆ ಮುಗಿಯಿತು.

ಮಲೇಷಿಯಾ ಚೆನ್ನಾಗಿತ್ತು. ಆದರೆ ನಮ್ಮ ದೊಡ್ಡಮ್ಮನ ಬೀಗರ ಕಡೆಯವರು ಅಲ್ಲಿದ್ದಾರೆ ಎಂದು ಗೊತ್ತಾದದ್ದೇ ತಡ, ಅದನ್ನು ಎತ್ತಿ ಕಸಕ್ಕೆ ಹಾಕಿದರು. ಪೋರ್ಚುಗಲ್ಲಿನಲ್ಲಿ ಹಿಂದಿನ ಬೀದಿಯ ಜೋಯಿಸರ ಅಳಿಯ ಸಿಕ್ಕಿಬಿದ್ದ. ಆಸ್ಟ್ರೇಲಿಯಾದಲ್ಲಂತೂ ನಮ್ಮ ಬಳಗದ್ದೇ ಮೂರು ಸಂಸಾರ. "ಅಮೆರಿಕ?" ಎಂದು ಕೇಳಿದ್ದಕ್ಕೆ, "ಅದು ಒಂಟಿಕೊಪ್ಪಲಿನ ಎಕ್ಸ್‌ಟೆನ್ಶನ್ನು. ಅಲ್ಲಿಗೆ ಹೋಗೋದೂ ಒಂದೇ, ಪಕ್ಕದ ಪಡುವಾರಹಳ್ಳಿಗೆ ಹೋಗೋದೂ ಒಂದೇ" ಎಂದುಬಿಟ್ಟರು. ಜನ ವಿದೇಶಕ್ಕೆ ಹೊರಟರೆ ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ನಮ್ಮ ಮಾವನದ್ದೂ ಅದೇ ವಿಚಾರಣೆ, ಉದ್ದೇಶ ಮಾತ್ರ ತಿರುಗಾಮುರುಗಾ!

ಕಡೆಗೆ ನಮ್ಮ ಬಳಗದ ಒಂದು ನರಪಿಳ್ಳೆಯೂ ಇಲ್ಲದ ಊರೊಂದು ವಿಯೆಟ್ನಾಮಿನ ಕಡಲತೀರದಲ್ಲಿ ಸಿಕ್ಕಿತು. ಅಲ್ಲಿಯ ನೋಟಿಗೆ ಸೊನ್ನೆಗಳು ಜಾಸ್ತಿಯಂತೆ. ತಮ್ಮ ಪಿಂಚಣಿಯನ್ನು ಅಲ್ಲಿಯ ಹಣಕ್ಕೆ ಬದಲಾಯಿಸಿ ನೋಡಿದ ಮಾವ ಕುರ್ಚಿಯಿಂದ ಎದ್ದು ನಿಂತರು.

"ಏನೇ, ಕೇಳ್ದ್ಯಾ? ನಾನು ಅಲ್ಲಿ ಕೋಟ್ಯಧಿಪತಿ!" ಎಂದು ಅಡುಗೆಮನೆಯತ್ತ ಕೂಗಿದರು.

"ಹಂಗಾದ್ರೆ ಬರ್ತಾ ಅರ್ಧ ಕೆಜಿ ಈರುಳ್ಳಿ ತಗೊಂಡ್ಬನ್ನಿ" ಎಂದು ಅತ್ತೆಯ ದನಿ ಒಳಗಿನಿಂದ ಬಂತು. ಕೋಟ್ಯಧಿಪತಿಗಳು ಚೀಲ ಹಿಡಿದು ಹೊರಟರು.

ಇನ್ನು ತಾಲೀಮು ಶುರು. ಮೊದಲು ಕಡ್ಡಿಯಲ್ಲಿ ತಿನ್ನುವುದು. ಅತ್ತೆಯ ಹೆಣಿಗೆ ಕಡ್ಡಿಗಳನ್ನು ಹಿಡಿದು ಚಿತ್ರಾನ್ನದ ಎದುರು ಕೂತರು. ಕಡಲೆಬೀಜಕ್ಕೆ ಕಡ್ಡಿ ಹಾಕಿದರೆ ಅದು ನೆಗೆದು ಗೋಡೆಗೆ ತೂಗುಹಾಕಿದ್ದ ಅವರ ತಂದೆಯ ಪಟಕ್ಕೆ ಬಡಿಯಿತು. "ನೋಡಿ, ಮಾವನವರಿಗೆ ನೈವೇದ್ಯ ಆಯ್ತು. ಇನ್ನು ಕೈಯಲ್ಲಿ ತಿನ್ನಿ" ಎಂದರು ಅತ್ತೆ.

ಆಮೇಲೆ ಭಾಷೆ. ಅಲ್ಲಿಯ ಭಾಷೆಯಲ್ಲಿ ಒಂದೇ ಪದವನ್ನು ಏರಿಸಿದರೆ ಒಂದರ್ಥ, ಇಳಿಸಿದರೆ ಇನ್ನೊಂದು, ನಡುಗಿಸಿದರೆ ಮತ್ತೊಂದು. ಸ್ವಲ್ಪ ಎಡವಟ್ಟಾದರೆ ತಾಯಿ ಹೋಗಿ ದೆವ್ವವಾಗಿಬಿಡುತ್ತಾಳಂತೆ! ಮಾವ ಅದನ್ನು ಒಂದು ಭಾನುವಾರ ನಮ್ಮಮ್ಮನ ಎದುರಿಗೇ ಅಭ್ಯಾಸ ಮಾಡಿ ತೋರಿಸಿದರು. ನಮ್ಮಮ್ಮ ಅವರಿಗೆ ಸ್ವಂತ ಅಕ್ಕ. ತಮ್ಮನ ಗಂಟಲಿನಿಂದ ಹೊರಟ ಆ ಶಬ್ದ ಕೇಳಿ ಗಾಬರಿಯಾಗಿ, "ಅಯ್ಯೋ, ಕೋಡುಬಳೆ ಸಿಕ್ಕಾಕ್ಕೊಂಡಿದೆ ಕಣೇ ಇವನಿಗೆ!" ಎಂದು ಬೆನ್ನಿಗೆ ನಾಲ್ಕು ಗುದ್ದಿದರು. ಭಾಷಾಭ್ಯಾಸ ಅಲ್ಲಿಗೆ ನಿಂತಿತು.

ಇದಕ್ಕಿಂತ ಭಯಂಕರವಾದದ್ದು ರಸ್ತೆ ದಾಟುವ ತಾಲೀಮು. ಅಲ್ಲಿ ಗಾಡಿಗಳು ಯಾರಿಗೂ ನಿಲ್ಲುವುದಿಲ್ಲವಂತೆ. ನಾವು ನಿಧಾನವಾಗಿ, ಧೈರ್ಯವಾಗಿ, ಎಲ್ಲೂ ನಿಲ್ಲದೆ ನಡೆಯುತ್ತಿದ್ದರೆ ಅವೇ ಸುತ್ತಿಕೊಂಡು ಹೋಗುತ್ತವಂತೆ. ಇದನ್ನು ಪರೀಕ್ಷಿಸಲು ಮಾವ ಆರಿಸಿಕೊಂಡದ್ದು ಯಾವ ಜಾಗ ಹೇಳಿ? ಮಂಡಿ ಮೊಹಲ್ಲಾ! ಲಗೇಜ್ ಆಟೋಗಳು, ಕೈಗಾಡಿಗಳು, ಮೂಟೆ ಹೊತ್ತ ಹಮಾಲರು ಎಲ್ಲ ಒಂದೇ ಬೀದಿಯಲ್ಲಿ ಜೀವ ಬಿಡುವ ಹೊತ್ತಿನಲ್ಲಿ ನಮ್ಮ ಮಾವ ಎದುರಿಗೆ ನೋಟ ನೆಟ್ಟು, ಮದುಮಗನ ಹಾಗೆ ಹೆಜ್ಜೆ ಹಾಕತೊಡಗಿದರು. ನಾನು ಈಚೆ ದಡದಲ್ಲಿ ಎದೆ ಹಿಡಿದುಕೊಂಡು ನಿಂತಿದ್ದೆ. ಈರುಳ್ಳಿ ತುಂಬಿದ ಆಟೋ ಒಂದು ಕಿರ್ರನೆ ಕಿರುಚಿ ಅವರ ಮೊಣಕಾಲಿನ ಹತ್ತಿರ ನಿಂತಿತು.

"ಏನ್ ಸ್ವಾಮಿ, ಮನೇಲಿ ಯೋಳ್ಬುಟ್ ಬಂದಿದೀರಾ?" ಎಂದು ಆಟೋದವನು ಅಬ್ಬರಿಸಿದ.

"ಹೇಳಿದೀನಪ್ಪ, ಎರಡು ವರ್ಷದಿಂದ ಹೇಳ್ತಾನೇ ಇದೀನಿ. ಅವಳಿನ್ನೂ ಒಪ್ಪಿಲ್ಲ" ಎಂದರು ಮಾವ, ಬಹಳ ಗಂಭೀರವಾಗಿ.

ಅತ್ತೆ ಒಪ್ಪುವುದು ಬಿಡುವುದು ಹಾಗಿರಲಿ, ಬಳಗ ಒಪ್ಪಬೇಕಲ್ಲ? ಮಾವನಿಗೆ ಮಕ್ಕಳಿಲ್ಲ. ಹೀಗಾಗಿ 'ಅವರಿಗೇನು ಕೆಲಸ?' ಎಂದು ಇಡೀ ಬಳಗ ಸರ್ವಾನುಮತದಿಂದ ತೀರ್ಮಾನಿಸಿ, ಎಲ್ಲ ಕೆಲಸವನ್ನೂ ಅವರ ಮನೆಗೇ ಒಪ್ಪಿಸಿತ್ತು. ಯಾರದೋ ಮಗ ಮೈಸೂರಿನಲ್ಲಿ ಓದಬೇಕೆ? ಒಂಟಿಕೊಪ್ಪಲು. ಯಾರಿಗೋ ಕಣ್ಣಿನ ಪೊರೆಯ ಆಪರೇಷನ್ನೆ? ಒಂಟಿಕೊಪ್ಪಲು. ಇನ್ನು ದಸರಾ ಬಂತೆಂದರೆ ಆ ಮನೆಗೂ ಛತ್ರಕ್ಕೂ ಇದ್ದ ವ್ಯತ್ಯಾಸ ಒಂದೇ, ಛತ್ರದವರು ಬಾಡಿಗೆ ಕೇಳುತ್ತಾರೆ.

ಆದ್ದರಿಂದಲೇ ಸುದ್ದಿ ಖಚಿತವಾದ ದಿನ ನಮ್ಮಮ್ಮನ ನೇತೃತ್ವದಲ್ಲಿ ತುರ್ತು ಸಭೆ ಸೇರಿತು. ಸೇರಿದ್ದೂ ಒಂಟಿಕೊಪ್ಪಲಿನಲ್ಲೇ ಎಂದು ಬೇರೆ ಹೇಳಬೇಕೆ? ಅತ್ತೆ ಎಲ್ಲರಿಗೂ ಎರಡೆರಡು ಸಲ ಕಾಫಿ ಕೊಟ್ಟರು.

"ಅಲ್ವೋ, ನೀನು ಹೋಗ್ಬುಟ್ರೆ ದಸರಾಕ್ಕೆ ಬಂದೋರು ಎಲ್ಲಿ ಇಳ್ಕೋಬೇಕೋ? ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?" ಎಂದು ಅಮ್ಮ ಕಣ್ಣೊರೆಸಿಕೊಂಡರು. ತಮ್ಮ ದೂರವಾಗುತ್ತಾನೆ ಎಂದು ಅತ್ತರೋ, ಜಂಬೂಸವಾರಿಯ ದಿನದ ಊಟ ದೂರವಾಗುತ್ತದೆ ಎಂದು ಅತ್ತರೋ ದೇವರೇ ಬಲ್ಲ.

"ಒಂದೇ ತಿಂಗಳು ಅಕ್ಕ, ನೋಡ್ಕೊಂಡು ಬರ್ತೀವಿ. ಸರಿ ಹೋದ್ರೆ ಆಮೇಲೆ ಖಾಯಂ" ಎಂದರು ಮಾವ. ಅತ್ತೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳೋಣವೆಂದರೆ ಅವರು ಲೋಟ ತೊಳೆಯುತ್ತಿದ್ದರು.

ಹೊರಡುವ ಹಿಂದಿನ ದಿನ ನಾನು ಹೋದಾಗ ಮನೆಯಲ್ಲಿ ಯುದ್ಧ ನಡೆದಿತ್ತು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿಗಳ ನಡುವೆ ಅತ್ತೆ ಪ್ರೆಷರ್ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಇಟ್ಟಿದ್ದರು. ಮಾವ ಅದನ್ನು ಹೊರಗೆ ತೆಗೆದಿದ್ದರು.

"ಕುಕ್ಕರ್ ಇಲ್ದೆ ನಾನು ಬರಲ್ಲ" ಎಂದರು ಅತ್ತೆ.

"ಕುಕ್ಕರ್ ಬಂದ್ರೆ ನಾನು ಬರಲ್ಲ" ಎಂದರು ಮಾವ.

"ಮತ್ತೆ ಅಲ್ಲಿ ನಿಮಗೆ ಅನ್ನ ಯಾರು ಮಾಡ್ಹಾಕ್ತಾರೆ?"

"ಯಾರಾದ್ರೂ ಮಾಡ್ತಾರೆ. ನೀನು ಮಾಡಕೂಡದು, ಅಷ್ಟೆ!"

ಇಷ್ಟು ಜೋರಾಗಿ ಮಾವ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಕುಕ್ಕರನ್ನು ಎತ್ತಿ ಮತ್ತೆ ಅಡುಗೆಮನೆಯಲ್ಲಿ ಇಟ್ಟು ಬಂದರು.

ಒಂದೇ ವಾರಕ್ಕೆ ಓಡಿಬರುತ್ತಾರೆ ಎಂದು ಅಮ್ಮ ಭವಿಷ್ಯ ನುಡಿದಿದ್ದರು. ಬರಲಿಲ್ಲ. ಬದಲಿಗೆ ಬಳಗದ ವಾಟ್ಸಾಪ್ ಗುಂಪಿಗೆ ಫೋಟೋಗಳು ಬರತೊಡಗಿದವು. ಅತ್ತೆ ಸೀರೆಯ ಮೇಲೆ ಕ್ಯಾನ್ವಾಸ್ ಶೂ ಹಾಕಿ ಮರಳಿನಲ್ಲಿ ನಿಂತಿದ್ದಾರೆ. ಅತ್ತೆ ಒರಗುಕುರ್ಚಿಯ ಮೇಲೆ ಕಾಲು ಚಾಚಿ ಸಮುದ್ರ ನೋಡುತ್ತಿದ್ದಾರೆ. ಅತ್ತೆ ಮೂವತ್ತು ಸಾವಿರದ ನೋಟುಗಳನ್ನು ಕೊಟ್ಟು ಒಂದು ಲೋಟ ಕಾಫಿ ಕೊಳ್ಳುತ್ತಿದ್ದಾರೆ! 'ಹಗಲು ಹೊತ್ತಲ್ಲಿ ಕಾಲು ಚಾಚ್ಕೊಂಡು ಕೂತವ್ಳೆ, ಮೈಗೆ ಹುಷಾರಿಲ್ವೇನೋ' ಎಂದು ಅಮ್ಮ ಕಳವಳದಿಂದ ಸಂದೇಶ ಹಾಕಿದರು. ಅತ್ತೆ ಕೂತಿದ್ದನ್ನು ನಮ್ಮ ಬಳಗ ಅದುವರೆಗೆ ಕಾಯಿಲೆಯಲ್ಲಿ ಮಾತ್ರ ನೋಡಿತ್ತು.

ತಿಂಗಳು ತುಂಬುತ್ತಲೇ ಇಬ್ಬರೂ ವಾಪಸ್ಸು. ಖಾಯಮ್ಮಾಗಿ ಯಾಕೆ ಇರಲಿಲ್ಲ ಎನ್ನುತ್ತೀರೋ? ಸುತ್ತಾಡಲು ಬಂದವರು ಗಡುವು ಮುಗಿದ ಕೂಡಲೇ ಹೊರಡಬೇಕು, ನಿವೃತ್ತರು ಬಂದು ಝಾಂಡಾ ಊರಲು ಅಲ್ಲಿ ಪ್ರತ್ಯೇಕ ಪರವಾನಗಿಯೇ ಇಲ್ಲವಂತೆ. ಎಳನೀರಿನ ಮುದುಕ ಇದನ್ನು ಆ ಊರಿನ ವಿಡಿಯೋದ ಕೊನೆಯಲ್ಲಿ ಹೇಳಿಯೇ ಇದ್ದನಂತೆ. ಆದರೆ ನಮ್ಮ ಮಾವ ಯಾವ ವಿಡಿಯೋವನ್ನಾದರೂ ಕೊನೆಯ ತನಕ ನೋಡಿದವರೇ? ಎರಡು ವರ್ಷದ ಸಂಶೋಧನೆಯಲ್ಲಿ ಕಡಲೆಬೀಜ ಹಾರಿತು, ಬೆನ್ನಿಗೆ ಗುದ್ದು ಬಿತ್ತು, ಪ್ರಾಣ ಹೋಗುವುದೊಂದು ತಪ್ಪಿತು, ಈ ಒಂದು ಸಂಗತಿ ಮಾತ್ರ ಕಣ್ಣಿಗೆ ಬೀಳಲಿಲ್ಲ!

ಬಂದ ಮಾರನೆಯ ದಿನವೇ ಅಮ್ಮ ನನ್ನನ್ನು ಎಳೆದುಕೊಂಡು ಒಂಟಿಕೊಪ್ಪಲಿಗೆ ಹೊರಟರು. ಹೆಸರಿಗೆ ಯೋಗಕ್ಷೇಮ, ನಿಜವಾಗಿ ಅಣಕ. ಬಾಗಿಲಲ್ಲೇ ಶುರು ಮಾಡಿದರು.

"ಏನಪ್ಪಾ ಮಹಾರಾಜ, ಸಿಂಹಾಸನ ಬುಟ್ ಬಂದ್ಬುಟ್ಯಾ?"

ಮಾವ ನಕ್ಕು, "ಕೂತ್ಕೋ ಅಕ್ಕ" ಎಂದು ಹೇಳಿ ಒಳಗೆ ಹೋದರು. ಹಾಲಿನಲ್ಲಿ ಅತ್ತೆ ಕೂತಿದ್ದರು. ಎದ್ದೇಳಲೋ ಬೇಡವೋ ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಅಡುಗೆಮನೆಗೆ ಇಣುಕಿದರೆ, ಮಾವ ಅಡ್ಡಪಂಚೆ ಎತ್ತಿ ಕಟ್ಟಿ ಬಾಣಲೆಯಲ್ಲಿ ರವೆಯೊಡನೆ ಸೆಣಸುತ್ತಿದ್ದರು. ಒಂದೊಂದು ಗಂಟೂ ನಿಂಬೆಹಣ್ಣಿನ ಗಾತ್ರ.

"ಏನ್ ಮಾವ, ಅತ್ತೆಗೆ ಹುಷಾರಿಲ್ವಾ?" ಎಂದೆ. ನೋಡಿ, ನಾನೂ ಅದೇ ಬಳಗದವಳೇ ತಾನೆ!

"ಚೆನ್ನಾಗಿದ್ದಾಳೆ" ಎಂದರು. ಸ್ವಲ್ಪ ಹೊತ್ತು ಸೌಟು ತಿರುಗಿಸಿ, ದನಿ ತಗ್ಗಿಸಿ ಹೇಳತೊಡಗಿದರು. "ಅಲ್ಲಿ ನಾವಿದ್ದ ಬೀದಿ ಕೊನೇಲಿ ಒಬ್ಬ ಹೆಂಗಸು ಬರೀ ಸೊಪ್ಪು ತರಕಾರೀದು ಸಣ್ಣ ಹೋಟ್ಲು ಇಟ್ಕೊಂಡಿದ್ಲು. ಮೊದಲ್ನೇ ದಿನ ಹೋದ್ವಿ. ಹೊಗೆಯಾಡ್ತಿರೋ ಬಟ್ಟಲು ತಂದು ನಿಮ್ಮತ್ತೆ ಮುಂದೆ ಇಟ್ಲು. ಇವಳು ಅದನ್ನ ನನ್ನ ಕಡೆ ತಳ್ಳಿದ್ಲು. ಆಕೆ ತಿರುಗಾ ಇವಳ ಮುಂದಕ್ಕೇ ಎಳೆದಿಟ್ಲು. ಇವಳು ಮತ್ತೆ ತಳ್ಳಿದ್ಲು. ಕೊನೆಗೆ ಆಕೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತೇಬಿಟ್ಲು, ಇವಳು ತಿನ್ನೋ ತನಕ ಕದಲಲ್ಲ ಅಂತ. ಆಮೇಲೆ ತಿಂದ್ಲು."

"ಹಿಡಿಸ್ತಂತಾ?"

"ನಾಲಿಗೆ ಸುಟ್ಕೊಂಡ್ಲು ಕಣೇ."

ನನಗೆ ನಗು ಬಂತು. ಮಾವ ನಗಲಿಲ್ಲ.

"ಮದುವೆಯಾದಾಗಿಂದ ಎಲ್ರಿಗೂ ಬಡಿಸಿ, ಆಮೇಲೆ ಆರಿದ್ದು ಉಳಿದಿದ್ದು ತಿಂದೋಳು. ಬಿಸೀದು ಹೆಂಗೆ ತಿನ್ನಬೇಕು ಅನ್ನೋದೇ ಮರ್ತೋಗಿತ್ತು ಅವಳಿಗೆ. ಇಲ್ಲಿದ್ರೆ ಇವಳು ಕೂರಲ್ಲ ಅಂತ ಗೊತ್ತಿತ್ತು ನಂಗೆ. ಅದಕ್ಕೇ ನಮ್ಮೋರು ಯಾರೂ ಇಲ್ಲದ ದೇಶ ಹುಡುಕ್ದೆ." ಒಲೆ ಸಣ್ಣ ಮಾಡಿದರು. "ಆ ಬಟ್ಟಲನ್ನ ಅವಳು ನನ್ನ ಕಡೆಗೆ ತಾನೇ ತಳ್ಳಿದ್ದು? ಆ ನಮ್ಮೋರಲ್ಲಿ ನಾನೂ ಒಬ್ಬ ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ."

ನಾನು ತಟ್ಟೆ ತೆಗೆದುಕೊಟ್ಟೆ.

ಮಾವ ಮೊದಲನೆಯ ತಟ್ಟೆ ಹಿಡಿದು ಹಾಲಿಗೆ ಬಂದರು. ತನಗೇ ಎಂದುಕೊಂಡು ಅಮ್ಮ ಕೈ ಚಾಚಿದರು. ಮಾವ ಅವರನ್ನು ದಾಟಿ ಹೋಗಿ ಅತ್ತೆಯ ಮುಂದೆ ಇಟ್ಟರು. ಅತ್ತೆ ಗಾಬರಿಯಿಂದ, "ಅತ್ಗೆ, ನೀವು ತಗೊಳ್ಳಿ" ಎಂದು ತಟ್ಟೆಯನ್ನು ಅಮ್ಮನ ಕಡೆ ಸರಿಸಿದರು. ಮಾವ ಅದನ್ನು ಎಳೆದು ಮತ್ತೆ ಅವರ ಮುಂದೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

ಅಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅತ್ತೆ ನಮ್ಮೆಲ್ಲರ ಮುಖ ನೋಡಿದರು. ಆಮೇಲೆ ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡು, ಒಂದು ತುತ್ತು ಎತ್ತಿ, ಮೆಲ್ಲಗೆ ಊದಿ ಬಾಯಿಗೆ ಹಾಕಿಕೊಂಡರು.

"ಉಪ್ಪೇ ಹಾಕಿಲ್ಲ ಕಣ್ರೀ" ಎಂದರು. ತಟ್ಟೆಯನ್ನು ಮಾತ್ರ ಕೆಳಗಿಡಲಿಲ್ಲ.