ಬೇವಿನ ಮರದ ಮೇಲೆ ಸೀತನಿ ಕಾವಲು

ಅನುಮಾನ ಪಡುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಗಜೇಂದ್ರಗಡದಲ್ಲಿ ನನ್ನದೊಂದು ಬಟ್ಟೆಯಂಗಡಿ ಇದೆ. ಗಿರಾಕಿ ಚೌಕಾಸಿ ಮಾಡಿದರೆ ಇವನು ಕೊಳ್ಳುವವನಲ್ಲ ಎಂದು ಅನುಮಾನ. ಮಾಡದಿದ್ದರೆ ನಾನೇ ಕಡಿಮೆ ಹೇಳಿದೆನೇನೋ ಎಂದು ಅನುಮಾನ. ಮನೆಯಲ್ಲೂ ಅಷ್ಟೆ. ಒಂದು ಸಂಜೆ ಹೆಂಡತಿ ಚಹಾದ ಜೊತೆ ಬಿಸಿ ಸೀತನಿ ತಂದಿಟ್ಟಳು. ಹಾಲು ತುಂಬಿದ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿದ ಆ ಹಸಿರು ಕಾಳಿನ ವಾಸನೆಗೆ ಬಾಯಲ್ಲಿ ನೀರೂರುತ್ತಿದ್ದರೂ, "ಪ್ಯಾಟ್ಯಾಗಿಂದೇನ? ನಿನ್ನೇದಿರಬೇಕು" ಎಂದು ಮೂಸಿ ನೋಡಿದೆ. "ಸುಮ್ಮನ ತಿನ್ರಿ" ಅಂದಳು. ಮತ್ತೆ ಮತ್ತೆ ಹಾಕಿಸಿಕೊಂಡು ತಿಂದೆ, ಅನುಮಾನ ಪಡುತ್ತಲೇ.

ಮುಶಿಗೇರಿ ಹಾದಿಯಲ್ಲಿ ನಮ್ಮ ಹೊಲವಿದೆ. ಕಡಲೆಯ ಪಕ್ಕ ಒಂದು ತುಂಡು ಜಾಗದಲ್ಲಿ ಸೀತನಿಗೆಂದೇ ಜೋಳ ಹಾಕಿಸಿದ್ದೆವು. ಬರುವ ರವಿವಾರ ನರಗುಂದದಿಂದ ಹೆಂಡತಿಯ ತಮ್ಮ ಶಿವಾನಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸೀತನಿ ತಿನ್ನಲು ಬರುವವನಿದ್ದ. ಹೋದ ವರ್ಷ ಅವನು ತನ್ನ ಹೊಲದಲ್ಲಿ ನಮ್ಮನ್ನು ಕೂರಿಸಿ, ಮೇಲೇಳಲು ಬಾರದ ಹಾಗೆ ತಿನ್ನಿಸಿ ಕಳಿಸಿದ್ದ. ಈ ಸಲ ನಮ್ಮಲ್ಲಿ ಕಡಿಮೆ ಬಿದ್ದರೆ ನರಗುಂದದಲ್ಲಿ ನಾನು ಮುಖ ತೋರಿಸುವ ಹಾಗಿರಲಿಲ್ಲ. ಹೀಗಿರುವಾಗ ಹೊಲಕ್ಕೆ ಹೋಗಿ ನೋಡುತ್ತೇನೆ, ಒಂದು ಮೂಲೆಯಲ್ಲಿ ತೆನೆಗಳೇ ಇಲ್ಲ! ಗಿಳಿ ತಿಂದರೆ ಕಾಳು ಚೆಲ್ಲಿರುತ್ತದೆ, ಚಿಗರಿ ಜಿಂಕೆ ಮೇಯ್ದರೆ ದಂಟು ತುಳಿದಿರುತ್ತದೆ. ಇದು ಕೈಯಿಂದ ಚೊಕ್ಕಟವಾಗಿ ಮುರಿದದ್ದು. ಅಷ್ಟರಲ್ಲಿ ಪಕ್ಕದ ಹೊಲದ ಈರಪ್ಪ ನನ್ನನ್ನು ನೋಡಿ ನಕ್ಕು, "ಸಾವಕಾರ್ರ, ಮತ್ತ ಯಾವಾಗ ಬರ್ತೀರಿ?" ಅಂದ. ನಾನು ಇಲ್ಲದ ಹೊತ್ತು ತಿಳಿದುಕೊಳ್ಳಲು ಇವನಿಗೇಕೆ ಇಷ್ಟು ಆತುರ?

ಅಡಗಿ ಕೂತು ಕಾಯುವುದು ಹೇಗೆಂದು ಅಂದು ಮೊಬೈಲಿನಲ್ಲಿ ಹುಡುಕಿದಾಗ ಒಂದು ವಿಡಿಯೋ ಸಿಕ್ಕಿತು. ಯಾವನೋ ಪರದೇಶದವನು, ಮರದ ಮೇಲೆ ಅಟ್ಟ ಕಟ್ಟಿಕೊಂಡು ಬಿಲ್ಲು ಹಿಡಿದು ಮೊದಲ ಸಲ ಬೇಟೆಗೆ ಕೂರುವವರಿಗೆ ಬುದ್ಧಿ ಹೇಳುತ್ತಿದ್ದ. ಮೈಗೆ ಸೋಪಿನ ವಾಸನೆ ಇರಬಾರದು. ಗಾಳಿ ಬೇಟೆಯ ಕಡೆಯಿಂದ ನಮ್ಮ ಕಡೆ ಬೀಸಬೇಕು. ಗಿಡದ ಬಣ್ಣದ ಬಟ್ಟೆ ತೊಡಬೇಕು, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಮಿಸುಕಾಡಬಾರದು. ನನಗೆ ಬೇಕಾದದ್ದು ಜಿಂಕೆಯಲ್ಲ, ಈರಪ್ಪ. ಬಿಲ್ಲಿನ ಬದಲು ಹಕ್ಕಿ ಓಡಿಸುವ ಕವಣಿ ಸಾಕು ಅಂದುಕೊಂಡೆ. ಬಡಿಗ ಮೌಲಾಸಾಬ ನಮ್ಮ ಹೊಲದ ಬೇವಿನ ಮರಕ್ಕೆ ಅಟ್ಟ ಕಟ್ಟಿಕೊಟ್ಟು, ನನ್ನ ಹೊಟ್ಟೆಯನ್ನೊಮ್ಮೆ, ಏಣಿಯನ್ನೊಮ್ಮೆ ನೋಡಿ, "ಹತ್ತೂದು ಹ್ಯಾಂಗರ ಆಕ್ಕೈತ್ರಿ. ಇಳಿಯೂದನ್ನ ಮೊದಲ ವಿಚಾರ ಮಾಡ್ರಿ" ಅಂದ.

ಮರುದಿನ ಬೆಳಿಗ್ಗೆ ಸೋಪು ಮುಟ್ಟದೆ ಸ್ನಾನ ಮಾಡಿದೆ, ತಲೆಗೆ ಎಣ್ಣೆ ಹಚ್ಚಲಿಲ್ಲ, ಹಸಿರು ಅಂಗಿ ತೊಟ್ಟೆ. ಹೆಂಡತಿ ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನ್ಯಾಗ ಇದೇನ್ರಿ ಹೊಸಾ ಚಾಳಿ? ಎಲ್ಲಿಗೆ ಹೊಂಟೀರಿ?" ಅಂದಳು. ಗಂಡನ ಮೈಗೆ ಹೊಸ ವಾಸನೆ ಬಂದರೆ ಹೆಂಡತಿಗೆ ಅನುಮಾನ ಬರುತ್ತದೆಂದು ಕೇಳಿದ್ದೆ. ಇದ್ದ ವಾಸನೆ ಹೋದರೂ ಬರುತ್ತದೆಂದು ಅಂದು ತಿಳಿಯಿತು. ಕಳ್ಳನ ವಿಷಯ ಹೇಳಿದರೆ ಗುಟ್ಟು ಬಯಲಾದೀತೆಂದು, "ಹಕ್ಕಿ ಕಾಯಾಕ" ಎಂದಷ್ಟೇ ಹೇಳಿ ಹೊರಟೆ.

ಆ ಪರದೇಶದವನಿಗೆ ಅಡಗಲು ಕಾಡಿತ್ತು. ನಮ್ಮದು ಅಂಗೈಯಂಥ ಎರೆಹೊಲ, ಅದರ ನಡುವೆ ಒಂದೇ ಒಂದು ಬೇವಿನ ಮರ. ಅದರ ಮೇಲೆ ಹಗ್ಗ ಬಿಗಿದುಕೊಂಡು ಕೂತ ಬಟ್ಟೆಯಂಗಡಿ ಸಾವಕಾರ ಹಾದಿಹೋಕರಿಗೆಲ್ಲ ಕಾಣುತ್ತಿದ್ದ. ಲಕ್ಕಲಕಟ್ಟಿಯ ಕಡೆ ಹೊರಟ ಟ್ರ್ಯಾಕ್ಟರು ನಿಂತಿತು, ಮೋಟಾರು ಸೈಕಲ್ಲು ನಿಂತಿತು. "ಯಾಕ್ರೀ ಸಾವಕಾರ್ರ, ಮ್ಯಾಲ ಕುಂತೀರಿ?" ಹಕ್ಕಿ ಕಾಯುತ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಒಳಗೆ ಬಂದರು. ಒಬ್ಬ ಕವಣಿ ಬೀಸುವುದನ್ನು ಕಲಿಸಿದ, ಇನ್ನೊಬ್ಬ ಡಬ್ಬಿ ಬಡಿಯಬೇಕೆಂದ. ಸೀತನಿ ದಿನಗಳಲ್ಲಿ ಹೊಲಕ್ಕೆ ಕಾಲಿಟ್ಟವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸೀತನಿಗೆ ಲೆಕ್ಕ ಇಟ್ಟವನೆಂದು ಹೆಸರು ಬಂದರೆ ಅಂಗಡಿಯನ್ನೇ ಮುಚ್ಚಬೇಕು. ಪ್ರತಿಯೊಬ್ಬನನ್ನೂ ಇವನೇ ಕಳ್ಳನಿರಬಹುದೇ ಎಂದು ದುರುಗುಟ್ಟಿ ನೋಡುತ್ತಲೇ, "ಮುರ್ಕೊಳ್ರಿ, ಸುಟ್ಕೊಂಡು ತಿನ್ರಿ" ಎಂದು ಮೇಲಿನಿಂದ ಉಪಚಾರ ಮಾಡಿದೆ. ಕೆಳಗೆ ಸಗಣಿ ಕುಳ್ಳಿನ ಕೆಂಡ ಆರಲೇ ಇಲ್ಲ. ಸುದ್ದಿ ಹಬ್ಬಿ, ಮುಂದಿನ ದಿನಗಳಲ್ಲಿ ಬುದ್ಧಿ ಹೇಳುವವರು ಚಟ್ನಿ ಕಟ್ಟಿಕೊಂಡೇ ಬರತೊಡಗಿದರು.

ಬಾರದವನೆಂದರೆ ಈರಪ್ಪ ಒಬ್ಬನೇ. ಅದೇ ನನಗೆ ದೊಡ್ಡ ಅನುಮಾನ. ಕಡೆಗೊಮ್ಮೆ ಬದುವಿನ ಮೇಲೆ ನಿಂತು ಕೇಳಿದ: "ನಮ್ಮಾಕಿ ಕೇಳಾಕತ್ಯಾಳ್ರಿ, ಸಾವಕಾರ್ರು ದಿನಾ ನಮ್ಮ ಹೊಲದ ಕಡೆ ಮಾರಿ ಮಾಡಿ ಯಾಕ ಕುಂದರ್ತಾರ ಅಂತ."

"ಗಾಳಿ ಆ ಕಡಿಂದ ಬರ್ತೈತಿ" ಅಂದೆ. ವಿಡಿಯೋದಲ್ಲಿ ಹೇಳಿದ್ದು ಅದೇ ತಾನೆ? ಅವನು ಒಮ್ಮೆ ನನ್ನನ್ನು, ಒಮ್ಮೆ ತನ್ನ ಹೊಲದಲ್ಲಿದ್ದ ಹೆಂಡತಿಯನ್ನು ನೋಡಿ, ಬದು ಇಳಿದು ಹೋದ.

ಶನಿವಾರ ಹೆಂಡತಿ ಹೊಲಕ್ಕೆ ಬಂದಳು. ಕೆಳಗೆ ಬರೀ ದಂಟು, ಮೇಲೆ ನಾನು. "ನಾಳೆ ನನ್ನ ತಮ್ಮಗ ಏನ್ ಕೊಡ್ಲಿ, ನಿಮ್ಮ ಕವಣೀನ?" ಎಂದು ಕೂಗಿದಾಗ ಬೇರೆ ದಾರಿಯಿಲ್ಲದೆ ಕಳ್ಳತನದ ಕಥೆ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆ ಮೂಲ್ಯಾಗಿನ ತೆನಿ ನಾನ ಮುರಿದದ್ದ್ರಿ, ಹಾಲು ತುಂಬೇತೇನಂತ ನೋಡಾಕ. ಅವತ್ತ ಸಂಜಿ ಚಾದ ಜೋಡಿ ಬಟ್ಟಲಾ ಬಳದು ತಿಂದೋರು ಯಾರು?"

ನನಗೆ ಮರದಿಂದ ಇಳಿಯಲೂ ನಾಚಿಕೆಯಾಯಿತು. ಇಳಿಯಲು ಬರಲೂ ಇಲ್ಲ, ಮೌಲಾಸಾಬನನ್ನು ಕರೆಸಬೇಕಾಯಿತು.

ರವಿವಾರ ನರಗುಂದದವರು ಬಂದು ದಂಟು ನೋಡುತ್ತ ನಿಂತಾಗ, ಮಾನ ಉಳಿಸಿದವನು ಈರಪ್ಪ. ಯಾರೂ ಕೇಳದೆಯೇ, "ಬರ್ರಿ ಬರ್ರಿ, ನಮ್ಮ ಹೊಲದಾಗ ಕೆಂಡ ಮಾಡೇನಿ" ಎಂದು ಎಲ್ಲರನ್ನೂ ಕರೆದೊಯ್ದು, ಎದುರು ನಿಂತು ತಿನ್ನಿಸಿದ. "ಮಾಮಾರ, ಇಂಥಾ ಸೀತನಿ ನಮ್ಮ ಕಡೆ ಇಲ್ಲ ಬಿಡ್ರಿ" ಎಂದು ಶಿವಾನಂದ ಹೊಗಳುವಾಗ ನಾನು ಬೂದಿಯನ್ನೇ ನೋಡುತ್ತಿದ್ದೆ. ಇಷ್ಟು ಒಳ್ಳೆಯ ಮನುಷ್ಯನನ್ನು ಕಳ್ಳನೆಂದು ಮರ ಹತ್ತಿ ಕಾದೆನಲ್ಲ! ಇನ್ನು ಯಾರನ್ನೂ ಅನುಮಾನಿಸಬಾರದೆಂದು ಅಲ್ಲೇ ನಿಶ್ಚಯಿಸಿದೆ.

ಕೆಲವು ದಿನಗಳಾದ ಮೇಲೆ ಮೌಲಾಸಾಬ ಅಂಗಡಿಗೆ ಬಂದ. "ಸಾವಕಾರ್ರ, ನಿಮ್ಮ ಬೇವಿನ ಮರದ ಅಟ್ಟ ಬಿಚ್ಚಿ ಕೊಡ್ತೀರೇನ್ರಿ? ಈರಪ್ಪನ ಹೆಂಡ್ತಿ ಅವರ ಜಾಲಿ ಗಿಡಕ್ಕ ಕಟ್ಟು ಅಂದಾಳ. ಮಾರಿ ನಿಮ್ಮ ಹೊಲದ ಕಡೆನ ಇರಬೇಕಂತ."

ಅನುಮಾನ ಪಡುವ ಸರದಿ ಈಗ ಅವರದು. ನಾನು ಬರುವುದು ದೂರದಿಂದಲೇ ಗೊತ್ತಾಗಲೆಂದು, ಹೊಲಕ್ಕೆ ಹೋಗುವ ದಿನ ಎರಡೆರಡು ಸಲ ಸೋಪು ಉಜ್ಜಿ, ತಲೆತುಂಬ ಘಮಘಮ ಎಣ್ಣೆ ಹಚ್ಚಿ, ಕೆಂಪು ಅಂಗಿ ತೊಟ್ಟು, ಅವರ ಕಡೆಗೆ ಗಾಳಿ ಬೀಸುವ ಹೊತ್ತು ನೋಡಿಕೊಂಡೇ ಹೊರಡುತ್ತೇನೆ.