ತಲೆ ಎಣ್ಣೆಯ ಬೀಗರು

ಆ ಘಟ್ಟದ ಕೆಳಗಿನವರ ಸುದ್ದಿ ನಮ್ಮ ಮನೆಗೆ ಬಂದದ್ದು ಊಟದ ಹೊತ್ತಿನಲ್ಲಿ. ಎಪ್ಪತ್ತೆಂಟನೇ ಇಸವಿಯ ದಸರಾ ರಜ. ಕುಂದಾಪುರದ ಕಡೆ ಮೇಷ್ಟ್ರಾಗಿದ್ದ ನನ್ನ ಮೈದುನ ಬಸವರಾಜು ನಮ್ಮೂರು ಹೊನ್ನವಳ್ಳಿಗೆ ಬಂದಿದ್ದ. ಬಡಿಸಿದ ಮುದ್ದೆಯನ್ನು ಅರ್ಧ ಮುರಿದು, ತಲೆ ಎತ್ತದೆ, "ಅತ್ತಿಗೆ, ಅಲ್ಲೊಂದು ಹುಡುಗಿ ನೋಡಿದೀನಿ" ಅಂದ.

ಹುಡುಗಿ ನಮ್ಮ ಜನವೇ ಅಂತೆ. ಮುತ್ತಾತ ವ್ಯಾಪಾರಕ್ಕೆಂದು ಘಾಟಿ ಇಳಿದವನು ಅಲ್ಲೇ ಬೇರುಬಿಟ್ಟನಂತೆ. ಹೆಸರು ಸರ್ವಮಂಗಳ ಅಂತೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಅವನು ಗೆದ್ದಿದ್ದ. ಮುಚ್ಚಲಿಲ್ಲ.

"ಅಡಿಗೆ ಭಾಳ ಚೆನ್ನಾಗಿ ಮಾಡ್ತಾಳೆ ಅತ್ತಿಗೆ. ಕೊಬ್ಬರಿ ಎಣ್ಣೇಲಿ ಒಗ್ಗರಣೆ ಹಾಕಿದ್ರೆ ಬೀದಿಗೆಲ್ಲಾ ಘಮ ಘಮ!"

ನಮ್ಮತ್ತೆ ಚಿಕ್ಕಗೌರಮ್ಮನವರ ಕೈಯಿಂದ ಮಜ್ಜಿಗೆ ಲೋಟ ಜಾರಿತು.

"ತಲೆಗೆ ಹಚ್ಚೋ ಎಣ್ಣೇನ ಸಾರಿಗೆ ಹಾಕ್ತಾರೇನ್ಲಾ?"

"ಅಲ್ಲೆಲ್ಲಾ ಅದೇ ಕಣವ್ವ."

"ಹಂಗಾದ್ರೆ ತಲೆಗೆ ಏನ್ಲಾ ಹಚ್ಕತಾರೆ, ತಿಳಿ ಸಾರಾ?"

ತೆಂಗಿನ ಸೀಮೆಯವರು ನಾವು. ಅಟ್ಟದ ತುಂಬ ಕೊಬ್ಬರಿ. ಆದರೆ ಕೊಬ್ಬರಿ ಎಣ್ಣೆ ಎಂದರೆ ಜಡೆಗೆ, ಒಡೆದ ಹಿಮ್ಮಡಿಗೆ. ಬಾಣಲೆಗೆ ಕಡ್ಲೆಕಾಯಿ ಎಣ್ಣೆ. ಸೂರ್ಯ ಮೂಡಲಲ್ಲಿ ಹುಟ್ಟುವಷ್ಟು ಖಂಡಿತ ಅದು!

ನಿಜ ಹೇಳಬೇಕೆಂದರೆ ನನಗೆ ಎಣ್ಣೆಗಿಂತ ಒಲೆಯ ಚಿಂತೆ. ಯಜಮಾನರಿಗೆ ತೋಟ, ಅತ್ತೆಗೆ ಬೀಗದಕೈ, ನನಗೆ ಒಲೆ. ಮದುವೆಯಾಗಿ ಬಂದಂದಿನಿಂದ ಹೀಗೇ ನಡೆದಿತ್ತು ನಮ್ಮ ರಾಜ್ಯಭಾರ. ಆ ಒಲೆಯ ಮುಂದಿನ ಮಣೆಯ ಮೇಲೆ ಇನ್ನೊಬ್ಬಳು ಬಂದು ಕೂರುವುದೇ? ಅದೂ ತಲೆ ಎಣ್ಣೆ ಹಿಡಿದುಕೊಂಡು? ಸೆರಗು ಸಿಕ್ಕಿಸಿ ಯಜಮಾನರ ಮುಂದೆ ಸಾರಿದೆ: "ಹೆಣ್ಣು ನೋಡಕ್ಕೆ ನಾನೂ ಬತ್ತೀನಿ. ಅವರ ಮನೇಲಿ ಒಂದು ಅಗುಳೂ ಮುಟ್ಟಕಿಲ್ಲ. ಸಂಬಂಧ ಮುರಿದೇ ಬರೋದು!"

"ನೀನು ಮುರಿಯೋದಿರ್ಲಿ, ಘಾಟಿ ನಿನ್ನ ಸೊಂಟ ಮುರೀದಿದ್ರೆ ಸಾಕು ಬುಡು" ಅಂದರು ಆ ಮಹಾನುಭಾವರು.

ತಿಪಟೂರಿನ ಹುಚ್ಚಣ್ಣನ ಬಾಡಿಗೆ ಕಾರು ಗೊತ್ತಾಯಿತು. ಕಾರು ಅಂತ ಅದಕ್ಕೆ ಹೆಸರು, ಅಷ್ಟೇ. ಹಾರನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಸದ್ದು ಮಾಡುತ್ತಿತ್ತು. ಅದರ ಡಿಕ್ಕಿಗೆ ನಾನು ರಾಗಿ ಹಿಟ್ಟಿನ ಚೀಲ, ಮುದ್ದೆ ಕೋಲು, ಒಂದು ಡಬ್ಬ ಕಡ್ಲೆಕಾಯಿ ಎಣ್ಣೆ ತುಂಬಿದೆ. ದಂಡಿಗೆ ಹೊರಟ ರಾಣಿಯೂ ಅಷ್ಟು ಸಿದ್ಧತೆ ಮಾಡಿಕೊಂಡಿರಲಾರಳು! ಅತ್ತೆ, ಬೀಗರ ಮನೆಗೆ ಬರಿಗೈಲಿ ಹೋಗಬಾರದೆಂದು ಒಂದು ಮೂಟೆ ತೆಂಗಿನಕಾಯಿ ಹಾಕಿಸಿದರು.

"ಅವ್ವಾ, ಸಮುದ್ರದ ದಡಕ್ಕೆ ಕಾಯಿ ಹೊರ್ಸ್ತೀಯಲ್ಲ!" ಯಜಮಾನರು ತಲೆ ಚಚ್ಚಿಕೊಂಡರು.

"ನಮ್ಮ ಕಾಯಿ ಮುಂದೆ ಅವರದೇನ್ಲಾ? ಕಣ್ಬುಟ್ಟು ನೋಡ್ಲಿ!"

ನಡುರಾತ್ರಿಗೇ ಹೊರಟೆವು. ಶಿವಮೊಗ್ಗ ದಾಟುವವರೆಗೆ ಸುಖವಾಗಿತ್ತು. ಆಮೇಲೆ ಬಂತು ಹುಲಿಕಲ್ ಘಾಟಿ. ನಮ್ಮೂರಿನಲ್ಲಿ ಯಾರೂ ಹೆಸರೇ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂಬುದು ಮೊದಲ ತಿರುವಿನಲ್ಲೇ ಗೊತ್ತಾಯಿತು. ಅದೇನು ರಸ್ತೆಯೇ? ಬೆಟ್ಟಕ್ಕೆ ಯಾರೋ ಕುಡಿದವನು ಸುತ್ತಿದ ಹಗ್ಗ! ಅತ್ತೆ ತಿರುವಿಗೊಂದು ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದರು. ಮಧ್ಯೆ ಬಿಡುವು ಸಿಕ್ಕಾಗ ಹುಲಿಯಾರಿನ ದುರ್ಗಮ್ಮನಿಗೆ ಹರಕೆ ಹೊತ್ತರು. ಜನ ನೋಡಲು ಬರುತ್ತಾರಂತೆ ಆ ಘಾಟಿಯನ್ನು. ನಾನು ನೋಡಿದ್ದು ಅತ್ತೆಯ ಬೆನ್ನೊಂದೇ.

"ಅಕ್ಕಾ, ಡಿಕ್ಕೀಲಿ ಏನೋ ಗಡಗಡ ಅಂತದೆ" ಅಂದ ಹುಚ್ಚಣ್ಣ.

"ಕಾಯಿ ಕಣಪ್ಪ. ನೀನು ಮುಂದೆ ನೋಡ್ಕೊಂಡು ಓಡ್ಸು!"

ಸೊಂಟಕ್ಕೇನೂ ಆಗಲಿಲ್ಲ. ಮುರಿದದ್ದು ಬೇರೆ. ಕೆಳಗಿಳಿದು ಡಿಕ್ಕಿ ತೆಗೆದರೆ, ಮೂಟೆಯ ಬಾಯಿ ಬಿಚ್ಚಿ ಕಾಯಿಗಳೆಲ್ಲಾ ಎಣ್ಣೆ ಡಬ್ಬದ ಮೇಲೆ ಯುದ್ಧ ಸಾರಿದ್ದವು. ಡಬ್ಬ ಮಗುಚಿ ಎಣ್ಣೆಯೆಲ್ಲಾ ರಾಗಿ ಹಿಟ್ಟಿಗೆ ಇಳಿದಿತ್ತು. ಕಾಯಿಗಳು ಎಣ್ಣೆಸ್ನಾನ ಮಾಡಿದ ಮದುಮಕ್ಕಳ ಹಾಗೆ ಮಿರಮಿರ ಮಿಂಚುತ್ತಿದ್ದವು!

ಕುಂದಾಪುರ ದಾಟಿ ಸಮುದ್ರ ಕಂಡಿತು. ಅಷ್ಟೊಂದು ನೀರು, ಒಂದು ಮರಕ್ಕೆ ಬಿಡಲು ಬರುವುದಿಲ್ಲ. ಅದನ್ನೂ ಹೊಗಳುತ್ತಾರೆ! ತೆಂಗಿನ ಮರಗಳೋ, ಪಾತಿಯಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ, ಮರಳಿನಲ್ಲಿ ಪೋಲಿಗಳ ಹಾಗೆ ವಾಲಿಕೊಂಡು ನಿಂತಿದ್ದವು. ಬುಡದಲ್ಲಿ ಮಾತ್ರ ಕಾಯಿಯ ರಾಶಿ. ಅತ್ತೆ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು.

ಹುಡುಗಿಯ ತಂದೆ ಅಂಗಳಕ್ಕೇ ಬಂದು ಎದುರುಗೊಂಡರು. "ಬನ್ನಿ ಬನ್ನಿ. ಅಯ್ಯೋ ಮಾರಾಯ್ರೆ, ಇಷ್ಟು ದೂರದಿಂದ ಕಾಯಿ ತಂದ್ರಾ?" ಅನ್ನುವಷ್ಟರಲ್ಲಿ ಅವರ ಹಿಂದಿನ ಮರದಿಂದ ಒಂದು ಕಾಯಿ ದೊಪ್ಪೆಂದು ಬಿತ್ತು. ಅದಕ್ಕೂ ಎಷ್ಟು ಸೊಕ್ಕು ನೋಡಿ!

"ನಮ್ಮ ಸೀಮೆ ಕಾಯಿ, ಕೈಲಿ ಹಿಡಿದು ನೋಡಿ ಬೀಗರೆ" ಎಂದು ಯಜಮಾನರು ಜಂಬದಿಂದ ಎತ್ತಿ ಕೊಟ್ಟರು. ಎಣ್ಣೆ ಕುಡಿದ ಕಾಯಿ ನಿಲ್ಲುತ್ತದೆಯೇ? ಕೊಟ್ಟವರ ಕೈಯಿಂದಲೂ ಜಾರಿ, ಇಸಿದುಕೊಂಡವರ ಕೈಯಿಂದಲೂ ಜಾರಿ, ಸೀದಾ ಯಜಮಾನರ ಹೆಬ್ಬೆರಳ ಮೇಲೆ ಬಿತ್ತು. ಬೆರಳು ಬದನೆಕಾಯಿಯಾಯಿತು. ಸಂಜೆಗೆ ಹಿಂತಿರುಗಬೇಕಾಗಿದ್ದ ಸವಾರಿ ಅಲ್ಲೇ ಬಿಡಾರ ಹೂಡಿತು.

ಅತ್ತೆ ಜಗಲಿಯ ಮೇಲೆ ಒಣಗಿದ ಸೊಪ್ಪಿನಂತೆ ಮಲಗಿದ್ದರು. ಸರ್ವಮಂಗಳ ಬಂದಳು. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಬೇಕೆಂಬುದೂ ತಿಳಿಯದವಳು! "ಘಾಟಿ ಇಳಿದ ಹೊಟ್ಟೆಗೆ ಗಂಜಿಯೇ ಒಳ್ಳೇದು ಅಮ್ಮ" ಎಂದು ಕೆಂಪು ಕುಚ್ಚಲಕ್ಕಿಯ ಗಂಜಿ, ಪಕ್ಕದಲ್ಲಿ ಚಟ್ನಿ ಇಟ್ಟು, ಗಂಜಿಯ ಮೇಲೆ ಬಾಟಲಿಯಿಂದ ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟಳು. ನನಗೆ ಇದಕ್ಕಿಂತ ಒಳ್ಳೆ ಸಮಯ ಬೇಕೇ? "ಏನಮ್ಮಾ, ದಾರೀಲಿ ತಲೆಯೆಲ್ಲಾ ಕೆದರೋಗಿದೆ. ವಸಿ ತಲೆಗೆಣ್ಣೆ ಕೊಡು" ಅಂದೆ. ಅವಳು ಅದೇ ಬಾಟಲಿಯಿಂದ ನನ್ನ ಅಂಗೈಗೆ ಸುರಿದಳು.

"ನೋಡಿದ್ರಾ ಅತ್ತೆ! ನನ್ನ ತಲೆಗೂ ಅದೇ, ನಿಮ್ಮ ಗಂಜಿಗೂ ಅದೇ!"

ಅತ್ತೆ ಗುಟುಕು ನುಂಗಿದರು. ಇನ್ನೊಂದು ನುಂಗಿದರು. ಬಟ್ಟಲಿನಿಂದ ಬಾಯಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾದ್ರೆ ಇಷ್ಟು ವರ್ಸ ನಾವೇ ಬೆಪ್ಪರು ಕಣೇ ಹೊಂಬಾಳೆ. ತಿನ್ನೋದನ್ನ ತಲೆ ಮ್ಯಾಲೆ ಸುರ್ಕೊಂಡು ಕುಂತಿದ್ವಿ. ಮಗಾ, ಇನ್ನೊಂದು ಬಟ್ಲು ತತ್ತಾ."

ಮಗಾ ಅಂತೆ! ನನ್ನನ್ನು ಒಂದು ದಿನವೂ ಹಾಗೆ ಕರೆದವರಲ್ಲ.

ನಾನು ಮಾತ್ರ ಜಗ್ಗಲಿಲ್ಲ. "ನನಗೆ ಉಪವಾಸ" ಅಂದೆ.

"ಯಾವ ಉಪವಾಸ ಅಕ್ಕ?" ಸರ್ವಮಂಗಳ ಕೇಳಿದಳು.

"ಸೋಮವಾರದ್ದು."

"ಇವತ್ತು ಬುಧವಾರ ಅಲ್ವಾ?"

"ನಮ್ಮ ಕಡೆ ಹಂಗೇ!" ಅಂದೆ. ಆದರೆ ಹೊಟ್ಟೆಗೆ ವಾರ ತಿಳಿಯುತ್ತದೆಯೇ? ಮಧ್ಯಾಹ್ನ ತಿರುಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಇದ್ದ ಹಿಟ್ಟಿನಲ್ಲೇ ಮುದ್ದೆ ಮಾಡಿ ಇವರಿಗೆ ಬುದ್ಧಿ ಕಲಿಸುತ್ತೇನೆಂದು ಅವರ ಒಲೆಯ ಮುಂದೆ ಕೂತೆ. ಎಣ್ಣೆ ಕುಡಿದ ಹಿಟ್ಟು, ತಿರುವಿದಷ್ಟೂ ಬಿಟ್ಟುಕೊಂಡಿತು. ಕೈಗೆ ತೆಗೆದುಕೊಂಡರೆ ಮೀನಿನ ಹಾಗೆ ಚಿಮ್ಮಿ ಹೊಸಿಲು ದಾಟಿ ಅಂಗಳಕ್ಕೆ ಉರುಳಿತು. ಕಾಗೆಯೊಂದು ಕುಕ್ಕಿ ನೋಡಿ, ಕೊಕ್ಕು ಕಲ್ಲಿಗೆ ಉಜ್ಜಿಕೊಂಡು ಹಾರಿಹೋಯಿತು.

"ನೀರು ಸರಿಯಿಲ್ಲ ನಿಮ್ಮೂರಿಂದು" ಅಂದೆ.

"ಹೌದು ಅಕ್ಕ, ಬೇರೆ ನೀರು ಅಲ್ವಾ" ಎಂದು ಸರ್ವಮಂಗಳ ನಗದೆ, ನನ್ನ ಮುಂದೆ ಗಂಜಿ ಇಟ್ಟು ಹೋದಳು. ನಕ್ಕಿದ್ದರೆ ಆ ಬಟ್ಟಲನ್ನು ಸಮುದ್ರಕ್ಕೆ ಎಸೆಯುತ್ತಿದ್ದೆ. ನಗಲಿಲ್ಲ, ಅದೇ ಅವಳ ಕುತಂತ್ರ! ಎಷ್ಟು ಕುಡಿದೆ ಅಂತ ಕೇಳಬೇಡಿ. ರುಚಿಯಿತ್ತೇ ಅಂತ ಅಂತೂ ಕೇಳಲೇಬೇಡಿ.

ಮಾರನೇ ದಿನ ಯಜಮಾನರ ಬೆರಳಿನ ಊತ ಇಳಿಯುವುದರೊಳಗೆ ಅತ್ತೆ ಮಾತು ಕೊಟ್ಟಾಗಿತ್ತು. "ಮುರಿದೇ ಬರೋದು ಅಂದ್ಯಲ್ಲೇ, ಏನಾಯ್ತು?" ಎಂದು ಯಜಮಾನರು ಘಾಟಿಯುದ್ದಕ್ಕೂ ಕೇಳಿದರು. ನಾನು ಅವರ ಹೆಬ್ಬೆರಳು ನೋಡಿದೆ, ತೆಪ್ಪಗಾದರು.

ಮದುವೆಯಾಯಿತು. ಬಸವರಾಜುಗೆ ತಿಪಟೂರಿಗೇ ವರ್ಗವೂ ಆಯಿತು. ಆ ವರ್ಗ ಮಾಡಿದವನ ಕೈ ಸೇದಿಹೋಗಲಿ! ಸರ್ವಮಂಗಳ ಬಾಟಲಿಯ ಸಮೇತ ನನ್ನ ಅಡುಗೆಮನೆ ಹೊಕ್ಕಳು. ಒಲೆಯ ಬಲಕ್ಕೆ ನನ್ನ ಡಬ್ಬ, ಎಡಕ್ಕೆ ಅವಳ ಬಾಟಲಿ. ಮಣೆ ನಾನು ಬಿಟ್ಟುಕೊಡಲಿಲ್ಲ. ಅವಳು ಬಗ್ಗಿ ಬಗ್ಗಿಯೇ ಒಗ್ಗರಣೆ ಹಾಕಿದಳು, ವರ್ಷಗಟ್ಟಲೆ.

ಅತ್ತೆ ಹಾಸಿಗೆ ಹಿಡಿದದ್ದು ಎಂಬತ್ತಾರರ ಬೇಸಿಗೆಯಲ್ಲಿ. ನಡುಮನೆಯಲ್ಲಿ ಮಲಗಿದರೆ ನೇರ ಒಲೆ ಕಾಣುತ್ತಿತ್ತು. ಆ ಸಂಜೆ ನಾನು ಅವರಿಗೆಂದು ರಾಗಿ ಅಂಬಲಿ ಕಾಸುತ್ತಿದ್ದೆ. ಸರ್ವಮಂಗಳ ಅವರ ಕಾಲೊತ್ತುತ್ತಿದ್ದಳು.

"ಹೊಂಬಾಳೆ" ಎಂದು ಕರೆದರು. ಹೋದೆ. ಕೈ ಹಿಡಿದುಕೊಂಡರು. ಬೀಗದಕೈ ಗೊಂಚಲು ಇನ್ನೂ ಅವರ ಸೊಂಟದಲ್ಲೇ ಇತ್ತು. ನಾನು ಗೊಂಚಲಿನ ಕಡೆಗೇ ಜರುಗಿ ಕೂತೆ.

"ಒಂದು ಕೇಳ್ತೀನಿ, ಇಲ್ಲ ಅನ್ಬ್ಯಾಡ."

"ಕೇಳಿ ಅತ್ತೆ! ಪ್ರಾಣ ಬೇಕಂದ್ರೂ ಕೊಡ್ತೀನಿ!"

"ನಿನ್ ಪ್ರಾಣ ತಕಂಡು ನಾನೇನ್ ಮಾಡ್ಲಿ ಬುಡು. ಒಲೆ ಮುಂದ್ಲಿಂದ ವಸಿ ಅತ್ಲಾಗೆ ಕುಂತ್ಕೋ. ಅವಳು ಗಂಜಿ ಮಾಡ್ಲಿ."