ಕರೆಗಂಟೆಯ ಮೇಲಿನ ಹೆಸರಿನ ಕುರಿತು ವಿನಿಮಯ ಯೋಜನೆಯ ಸಂಚಾಲಕರಿಗೆ

ಸಿಬ್ಬಂದಿ ವಿನಿಮಯ ಯೋಜನೆಯ ಮಾನ್ಯ ಸಂಚಾಲಕರೇ,

ತಾವೂ ತಮ್ಮ ಕಡತಗಳೂ ಕ್ಷೇಮವೆಂದು ನಂಬಿ, ಲೈಪ್‌ಜಿಗ್ ನಗರದಲ್ಲಿ ಯೆಹೂದಿ ದ್ವೇಷದ ದೂರುಗಳನ್ನು ಹತ್ತೊಂಬತ್ತು ವರ್ಷಗಳಿಂದ ದಾಖಲಿಸಿಕೊಳ್ಳುತ್ತ ಬಂದಿರುವ ನಾನು, ಜೀವಮಾನದಲ್ಲಿ ಮೊದಲ ಬಾರಿಗೆ ನನ್ನದೇ ಒಂದು ದೂರನ್ನು ಅತ್ಯಂತ ವಿನಯದಿಂದ ಸಲ್ಲಿಸುತ್ತಿದ್ದೇನೆ. ದೂರು ತಾವು ಕಳಿಸಿಕೊಟ್ಟ ವಿಯೋಲಾ ಲಾಕಾತೋಶ್ ಎಂಬಾಕೆಯ ಮೇಲೆ.

ದ್ವೇಷದ ವಿರುದ್ಧ ದುಡಿಯುವ ಸಂಸ್ಥೆಗಳು ಆರು ವಾರ ಕೆಲಸಗಾರರನ್ನು ಅದಲು ಬದಲು ಮಾಡಿಕೊಂಡರೆ ಒಬ್ಬರಿಂದೊಬ್ಬರು ಕಲಿಯುತ್ತಾರೆಂದು ತಾವು ಅಪ್ಪಣೆ ಕೊಡಿಸಿದಿರಿ. ನಾವು ನಮ್ಮ ಡಾಕ್ಟರ್ ವಿಂಕ್ಲರ್ ಅವರನ್ನೂ ಅವರ ನಲವತ್ತಾರು ಪ್ರಶ್ನೆಗಳ ನಮೂನೆಯನ್ನೂ ಹಂಗೇರಿಗೆ ಕಳಿಸಿದೆವು. ಜಿಪ್ಸಿಗಳೆಂದು ಜನ ಹೀಗಳೆಯುವ ಅಲ್ಲಿನ ರೋಮಾ ಜನರ ಸಂಘದಿಂದ ಪ್ರತಿಯಾಗಿ ಈಕೆ ಬಂದಳು. ನಮ್ಮಿಂದ ಅವಳು ನಮೂನೆ ತುಂಬುವುದನ್ನು ಕಲಿಯಬೇಕಿತ್ತು.

ಅವಳಿಗೆ ಕೊಟ್ಟ ಮೊದಲ ಕಡತ ಫೀರಾ ಗುರೆವಿಚ್ ಅವರದು. ಉಕ್ರೇನಿನಿಂದ ಬಂದು ಇಲ್ಲಿ ನೆಲೆಸಿದ ಎಂಬತ್ತೊಂದರ ಈ ಯೆಹೂದಿ ಅಜ್ಜಿಯ ಕರೆಗಂಟೆಯ ಪಕ್ಕದ ಹೆಸರಿನ ಮೇಲೆ ಯಾರೋ ಮೂರು ಸಲ ಹೊಲಸು ಗೀಚಿದ್ದರು. ಮೂರು ಸಲವೂ ನಾವು ಫೋಟೋ ತೆಗೆದು, ಕ್ರಮಸಂಖ್ಯೆ ಕೊಟ್ಟು, ಹದಿನಾಲ್ಕು ದಿನದೊಳಗೆ ವಿಷಾದಪತ್ರ ಕಳಿಸಿದೆವು. ಕೊನೆಗೆ ಹೆಸರನ್ನೇ ತೆಗೆದುಬಿಡುವುದು ಕ್ಷೇಮವೆಂಬ ಸಲಹೆ ಸಿಕ್ಕಿ ಅವರು ತೆಗೆದರು. ಗೀಚುವುದು ನಿಂತಿತು; ಮನೆಸಂಖ್ಯೆಯಿಲ್ಲದೆ ಹೆಸರು ನೋಡಿಯೇ ಕಾಗದ ಹಾಕುವ ಈ ಊರಲ್ಲಿ ಅಂಚೆಯೂ ನಿಂತಿತು. ಹೈಫಾದಿಂದ ಮೊಮ್ಮಗಳು ಕಳಿಸಿದ ಮದುವೆ ಕಾಗದ 'ಈ ಹೆಸರಿನವರು ಇಲ್ಲಿಲ್ಲ' ಎಂಬ ಷರಾ ಹೊತ್ತು ವಾಪಸು ಹೋಯಿತು. ನಮ್ಮ ಕಡತದಲ್ಲಿ ಮಾತ್ರ ಪ್ರಕರಣ ಇತ್ಯರ್ಥವಾಗಿತ್ತು.

ವಿಯೋಲಾ ಅದನ್ನು ಓದಿ, "ಹೆಸರೇ ಇಲ್ದಂಗೆ ಮಾಡಿ ಇತ್ಯರ್ಥ ಅಂತೀರಲ್ಲಕ್ಕ, ನಾಚಿಕೆ ಆಗಲ್ವಾ?" ಎಂದು ಕೇಳಿ, ನಮೂನೆಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೊರಟಳು. ಅಜ್ಜಿಯ ಅಡುಗೆಮನೆಯಲ್ಲಿ ಕೂತು ಎರಡು ಬಟ್ಟಲು ಬೀಟ್‌ರೂಟ್ ಸಾರು ಕುಡಿದಳು. "ನಮ್ಮೂರಲ್ಲಿ ಲಾಕಾತೋಶ್ ಅಂತ ಹೆಸರು ನೋಡಿದ್ರೆ ರೋಮಾ ಅಂತ ಗೊತ್ತಾಗಿ ಕೆಲಸಾನೇ ಕೊಡಲ್ಲ ಅಜ್ಜಿ, ನಾನೂ ಒಂದ್ಸಲ ತೆಗೆದಿಟ್ಟಿದ್ದೆ" ಎಂದಳಂತೆ. ಆಮೇಲೆ, ಅದೇ ಗುರುವಾರ ಸಂಜೆ, ಕಟ್ಟಡದ ಉಳಿದ ಹನ್ನೊಂದು ಮನೆಗಳ ಬಾಗಿಲು ತಟ್ಟಿ, ಅವರವರ ಹೆಸರಿನ ಕೆಳಗೆ 'ಗುರೆವಿಚ್' ಎಂಬ ಚೀಟಿಯನ್ನೂ ಅಂಟಿಸಿಕೊಳ್ಳುವಂತೆ ಎಲ್ಲರನ್ನೂ ಒಪ್ಪಿಸಿದಳು. ಅಜ್ಜಿಯ ಚೀಟಿಯೂ ಮೊದಲಿನ ಜಾಗಕ್ಕೆ ಬಂತು.

ಪರಿಣಾಮ ನೋಡಿ. ಮರು ಮಂಗಳವಾರ ಯಾರೋ ಮತ್ತೆ ಗೀಚಿದರು, ಪಾಪ, ತಪ್ಪು ಗಂಟೆಯ ಮೇಲೆ. ಅಜ್ಜಿಗೆ ಇಪ್ಪತ್ತು ವರ್ಷದಲ್ಲಿ ಒಂದು ನಮಸ್ಕಾರವನ್ನೂ ಹೇಳದ, ವಿಯೋಲಾಳ ಕಾಟ ತಾಳಲಾರದೆ ಚೀಟಿ ಅಂಟಿಸಿಕೊಂಡಿದ್ದ ನಿವೃತ್ತ ಟ್ರಾಮ್ ಚಾಲಕ ಬ್ಯೋಮೆ ಕೆಂಡಾಮಂಡಲವಾಗಿ ನಮ್ಮ ಕಚೇರಿಗೆ ನುಗ್ಗಿದರು. ತಾವು ಯೆಹೂದಿಯೇ ಎಂಬ ಏಳನೆಯ ಪ್ರಶ್ನೆಗೆ, "ಗುರುವಾರದಿಂದ ಹೌದು, ಬರ್ಕೊಳ್ರೀ!" ಎಂದು ಮೇಜು ಗುದ್ದಿದರು. ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ಅಷ್ಟರಲ್ಲಿ ತಮ್ಮ ಆದೇಶ ಬಂತು: ವಿನಿಮಯದಲ್ಲಿ ಬಂದವರು ಗಮನಿಸಬೇಕೇ ಹೊರತು ಏನನ್ನೂ ಮಾಡತಕ್ಕದ್ದಲ್ಲ; ಚೀಟಿಗಳನ್ನು ಬರುವ ಶುಕ್ರವಾರದೊಳಗೆ ಕಿತ್ತು, ವಿಯೋಲಾಳನ್ನು ಅಂದೇ ವಾಪಸು ಕಳಿಸತಕ್ಕದ್ದು. ಆಹಾ, ಎಂಥ ದೂರದೃಷ್ಟಿ! ಗೀಚುವವನಿಗೆ ಆಗದ ಕೆಲಸವನ್ನು ತಾವು ಒಂದೇ ಸಹಿಯಲ್ಲಿ ಮುಗಿಸಿದಿರಿ. ಆದ್ದರಿಂದ ತಾವೇ ದಯಮಾಡಿಸಿ, ಬ್ಯೋಮೆ ಅವರ ಚೀಟಿಯಿಂದ ಆರಂಭಿಸಿ, ಸ್ವಹಸ್ತದಿಂದ ಕೀಳಬೇಕಾಗಿ ಪ್ರಾರ್ಥನೆ. ಡಾಕ್ಟರ್ ವಿಂಕ್ಲರ್ ಅವರನ್ನು ಕರೆಸಿಕೊಳ್ಳಿರೆಂದು ಹಂಗೇರಿಯಿಂದ ಈಗಾಗಲೇ ನಾಲ್ಕು ಕಾಗದ ಬಂದಿದ್ದರೂ ಅವರನ್ನು ಅಲ್ಲೇ ಖಾಯಂ ಮಾಡಿ, ವಿಯೋಲಾಳನ್ನು ದಾರಿಯಲ್ಲಿ ಕಳೆದುಹೋದ ಸಾಮಾನೆಂದು ಬರೆದುಕೊಂಡು ಇಲ್ಲೇ ಬಿಡಬೇಕಾಗಿಯೂ ಪ್ರಾರ್ಥನೆ.

ಇನ್ನೊಂದು ಮಾತು. ಹೆಸರು ತೆಗೆದುಬಿಡಿ ಎಂದು ಅಜ್ಜಿಗೆ ಸಲಹೆ ಕೊಟ್ಟವಳು ನಾನೇ. "ಆಯ್ತಮ್ಮ, ನಂಗಿದೇನು ಹೊಸದಲ್ಲ" ಎಂದು ಅವರು ಚಾಕುವಿನ ಮೊನೆಯಿಂದ ಚೀಟಿ ಎಬ್ಬಿಸುವಾಗ ನಾನು ಪಕ್ಕದಲ್ಲೇ ನಿಂತು, ಪರಿಹಾರ ಹೇಗಿತ್ತೆಂಬ ನಲವತ್ತಾರನೆಯ ಪ್ರಶ್ನೆಯ ಎದುರು 'ತೃಪ್ತಿಕರ' ಎಂದು ಬರೆದೆ. ನನಗೀಗ ನಾಚಿಕೆಯಾಗುತ್ತಿದೆ.

ಇಂದಿಗೂ, ಬಹುಶಃ ಶುಕ್ರವಾರದವರೆಗೂ, ತಮ್ಮ ವಿಶ್ವಾಸಿ,
ಹೈಡ್ರುನ್ ಕೆಸ್ಲರ್

ತಾ.ಕ.: ಮದುವೆ ಕಾಗದ ಎರಡನೆಯ ಸಲ ಬಂತು. ಯಾವ ಗಂಟೆ ಒತ್ತಬೇಕೆಂದು ತಿಳಿಯದೆ ಅಂಚೆಯವನು ಹನ್ನೆರಡನ್ನೂ ಒತ್ತಿದ, ಹನ್ನೆರಡು ಮನೆಯವರೂ ಇಳಿದು ಬಂದರು. ಚೀಟಿ ಕೀಳಲು ಬಂದಾಗ ತಾವು ಬೇರೆ ಬೀದಿಯಲ್ಲಿರುವ ನನ್ನ ಮನೆಯನ್ನೂ ಹುಡುಕುವುದು ಸ್ವಲ್ಪ ಕಷ್ಟವಾದೀತು: ಕರೆಗಂಟೆಯ ಪಕ್ಕದಲ್ಲಿ ಗುರೆವಿಚ್ ಎಂದಿದೆ, ಅದರ ಕೆಳಗೆ ಲಾಕಾತೋಶ್ ಎಂದಿದೆ. ಕೆಸ್ಲರ್ ಎಂದು ಬರೆಯಲು ಜಾಗ ಸಾಲಲಿಲ್ಲ.